ಆರು ಇಂಚು ಜೋಡಿಗೆರೆ

ಎಲ್ವಿನ್ ಹ್ಯಾಸ್ಕೆಲ್ ಮಂಡಿಯೂರುತ್ತಿದ್ದದ್ದು ಎರಡೇ ಕಡೆ. ಒಂದು, ಜಮೀನಿನ ಗಡಿಕಲ್ಲಿನ ಮುಂದೆ. ಇನ್ನೊಂದು, ಮಂಜುಗಡ್ಡೆಯ ಮೇಲೆ ಸ್ಕೇಟಿನ ಅಲಗು ಬಿಟ್ಟುಹೋದ ಗೆರೆಯ ಮುಂದೆ. ಚರ್ಚಿನಲ್ಲಿ ಮಾತ್ರ ಮಂಡಿ ನೋವು ಎಂದು ನೆಪ ಹೇಳಿ ಬೆಂಚಿನ ಮೇಲೆ ಕೂತೇ ಇರುತ್ತಿದ್ದರು. ದೇವರಿಗೆ ಕೊಡದ ಮರ್ಯಾದೆಯನ್ನು ಗೆರೆಗೆ ಕೊಡುವ ಮನುಷ್ಯನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣಿತ್ತು.

ಹಾಗೆ ನೋಡಿದರೆ ನನ್ನ ಒಂದು ಕಣ್ಣು ಎಲ್ಲರ ಮೇಲೂ ಇರುತ್ತದೆ. ಹಾರ್ಲೋ ಊರಿನ ಪೋಸ್ಟಾಫೀಸಿನ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವಳು ನಾನು. ಯಾರಿಗೆ ಎಲ್ಲಿಂದ ಕಾಗದ ಬರುತ್ತದೆ, ಯಾರು ಅದನ್ನು ಅಲ್ಲೇ ಒಡೆಯುತ್ತಾರೆ, ಯಾರು ಸುತ್ತ ನೋಡಿ ಕೋಟಿನ ಒಳಜೇಬಿಗೆ ಸೇರಿಸುತ್ತಾರೆ ಎಂದು ನೋಡಿ ನೋಡಿ ಕಣ್ಣು ಪಳಗಿಹೋಗಿದೆ. ಡಾಟ್, ನಿನಗೆ ಬೆಳದಿಂಗಳಲ್ಲೂ ಕಳ್ಳ ಕಾಣಿಸ್ತಾನೆ ಎಂದು ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದ. ಇರಬಹುದು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪೋಸ್ಟಾಫೀಸು ಬಿಟ್ಟರೆ ನಾನಿರುತ್ತಿದ್ದದ್ದು ನಮ್ಮೂರ ಸ್ಕೇಟಿಂಗ್ ಕ್ಲಬ್ಬಿನಲ್ಲಿ. ಅಲ್ಲಿ ನಾನು ಪರೀಕ್ಷೆಗಳ ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಪೊರಕೆ ಹಿಡಿಯುವುದು.

ಆಗ ಸ್ಕೇಟಿಂಗ್ ಎಂದರೆ ಹಾರುವುದು, ಗಿರಕಿ ಹೊಡೆಯುವುದು ಮಾತ್ರವಲ್ಲ. ಅರ್ಧಕ್ಕಿಂತ ಹೆಚ್ಚು ಅಂಕ ಇದ್ದದ್ದು ಗೆರೆಗೆ. ಮಕ್ಕಳು ಬೆಳಗ್ಗೆ ಆರಕ್ಕೇ ಬಂದು, ಅವರವರಿಗೆ ಗೊತ್ತುಮಾಡಿದ ಒಂದು ಪಟ್ಟಿ ಜಾಗದಲ್ಲಿ, ಸಂಗೀತವಿಲ್ಲದೆ ಮಾತಿಲ್ಲದೆ ವೃತ್ತ, ಕುಣಿಕೆಗಳನ್ನು ಬರೆಯುತ್ತಿದ್ದರು. ಒಮ್ಮೆ ಬರೆದ ಗೆರೆಯ ಮೇಲೇ ಮತ್ತೆರಡು ಸಲ ಹೋಗಬೇಕು. ಅಲಗಿಗೆ ಎರಡು ಅಂಚು. ಒಂದೇ ಅಂಚಿನ ಮೇಲೆ ಜಾರಬೇಕು. ಮೈ ಕೊಂಚ ಅಳುಕಿ ಎರಡೂ ಅಂಚು ತಾಕಿದರೆ ಜೋಡಿಗೆರೆ ಬೀಳುತ್ತದೆ, ಅಂಕ ಹೋಗುತ್ತದೆ. ಪರೀಕ್ಷೆಯ ದಿನ ಮೂವರು ತೀರ್ಪುಗಾರರು ರಬ್ಬರ್ ಬೂಟು ಹಾಕಿಕೊಂಡು ಮಂಜುಗಡ್ಡೆಯ ಮೇಲೆ ನಡೆದು ಬಂದು, ಒಬ್ಬರಾದ ಮೇಲೆ ಒಬ್ಬರು ಬಗ್ಗಿ ಆ ಗೆರೆಯನ್ನು ನೋಡುತ್ತಾರೆ. ಮೂವರೂ ನೋಡಿದ ಮೇಲೆ ನಾನು ಅಲಗು ಕೆತ್ತಿದ ಬಿಳಿ ಪುಡಿಯನ್ನು ಗುಡಿಸಬೇಕು. ಇಬ್ಬರು ಒಪ್ಪಿದರೆ ತೇರ್ಗಡೆ. ಎಂಟನೆಯದು ಕೊನೆಯ ಪರೀಕ್ಷೆ. ಅದಾಗದೆ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹಿರಿಯರ ಸಾಲಿಗೆ ಕಾಲಿಡುವಂತಿಲ್ಲ.

ಹ್ಯಾಸ್ಕೆಲ್ ವೃತ್ತಿಯಿಂದ ಸರ್ವೇಯರ್. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶನಿವಾರ ಬೇಯಿಸಿದ ಬೀನ್ಸನ್ನು ಮಂಗಳವಾರದವರೆಗೆ ತಿನ್ನುವ ಜಾತಿ. ಒಮ್ಮೆ ಸ್ವಂತ ಅಣ್ಣನ ಹೊಲ ಅಳೆದು, ಬೇಲಿ ನಾಲ್ಕು ಇಂಚು ಪಕ್ಕದವರ ಕಡೆ ಬಂದಿದೆ ಎಂದು ಬರೆದುಕೊಟ್ಟರು. ಅಣ್ಣ ಸಾಯುವವರೆಗೆ ಮಾತಾಡಲಿಲ್ಲ. ಮಂಜುಗಡ್ಡೆಯ ಮೇಲೂ ಹಾಗೆಯೇ: ಮಂಡಿಯ ಕೆಳಗೆ ಮಡಚಿದ ದಿನಪತ್ರಿಕೆ, ಒಂದು ಕೈಯಲ್ಲಿ ಹಿತ್ತಾಳೆ ಕಟ್ಟಿನ ಭೂತಗನ್ನಡಿ, ಇನ್ನೊಂದರಲ್ಲಿ ಪೆನ್ಸಿಲ್. ಮುಖ ನೋಡಿ ಮಣೆ ಹಾಕುವವರಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಅಷ್ಟು ನೆಟ್ಟಗಿರುವವರನ್ನು ಕಂಡರೆ ನನಗೆ ಎಲ್ಲೋ ಒಂದು ಕಡೆ ಬಾಗಿರಲೇಬೇಕಲ್ಲ ಅನಿಸುತ್ತದೆ.

ಬಾಗಿದ್ದನ್ನು ಕಂಡದ್ದು ಐವತ್ತೊಂಬತ್ತರ ನವೆಂಬರಿನಲ್ಲಿ. ಲೋರ್ನಾ ಕೆಂಡ್ರಿಕ್ ಎಂಟನೆಯ ಪರೀಕ್ಷೆಗೆ ಮೂರನೆಯ ಸಲ ಬಂದಿದ್ದಳು. ಹದಿನಾರು ವರ್ಷ, ಕಡ್ಡಿಯಂಥ ಹುಡುಗಿ. ಅಂಗಣದ ಗೋಡೆಯ ಗಡಿಯಾರದ ಕೆಳಗಿನ ಪಟ್ಟಿ ಅವಳದು. ಅಂದು ಅಲ್ಲೇ, ಕೊನೆಯ ಕುಣಿಕೆಯ ತಿರುವಿನಲ್ಲಿ ಒಂದು ಕ್ಷಣ ಅಳುಕಿದಳು. ಬಾಸ್ಟನ್ನಿನಿಂದ ಬಂದಿದ್ದ ಹೆಂಗಸು ಮೊದಲು ಬಗ್ಗಿ ನೋಡಿ, ತುಟಿ ಬಿಗಿದು ಬರೆದುಕೊಂಡಳು. ಆಮೇಲೆ ಹ್ಯಾಸ್ಕೆಲ್. ಎಂದಿಗಿಂತ ಹೆಚ್ಚು ಹೊತ್ತು ಮಂಡಿಯೂರಿಕೊಂಡಿದ್ದರು. ಎದ್ದು ನಿಂತು ಹುಡುಗಿಯ ಕಡೆ ಒಮ್ಮೆ ನೋಡಿ ಬರೆದರು. ಕೊನೆಗೆ ನಮ್ಮೂರ ಹಲ್ಲಿನ ಡಾಕ್ಟರು. ಸಾಯಂಕಾಲ ಫಲಿತಾಂಶ ಕೂಡಿಸಿದವಳು ನಾನೇ: ಬಾಸ್ಟನ್ ಹೆಂಗಸು ಇಲ್ಲ, ಉಳಿದಿಬ್ಬರು ಹೌದು. ಹ್ಯಾಸ್ಕೆಲ್ ಹೇಗೆ ಹೌದು ಎಂದರು ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಮುಂದಿನದು ಎಲ್ಲರಿಗೂ ಗೊತ್ತು. ಅರವತ್ತೊಂದರ ಜನವರಿಯಲ್ಲಿ ಲೋರ್ನಾ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದಳು. ಫೆಬ್ರವರಿಯಲ್ಲಿ ಇಡೀ ತಂಡ ವಿಶ್ವ ಸ್ಪರ್ಧೆಗೆಂದು ಪ್ರೇಗ್‌ಗೆ ಹೊರಟು, ಬ್ರಸೆಲ್ಸ್‌ನಲ್ಲಿ ಇಳಿಯುವ ಹೊತ್ತಿಗೆ ವಿಮಾನ ಬಿತ್ತು, ಒಬ್ಬರೂ ಉಳಿಯಲಿಲ್ಲ. ಬುಧವಾರ ಬೆಳಗ್ಗೆ ನಾನು ಕಾಗದ ವಿಂಗಡಿಸುತ್ತಿದ್ದಾಗ ರೇಡಿಯೋದಲ್ಲಿ ಬಂತು. ನನ್ನ ಕೈಯಲ್ಲಿ ಕೆಂಡ್ರಿಕ್ ಮನೆಯ ವಿಳಾಸದ ಲಕೋಟೆಯೇ ಇತ್ತು. ಅದನ್ನು ಗೂಡಿಗೆ ಹಾಕಲೋ ಬೇಡವೋ ತಿಳಿಯದೆ ಎಷ್ಟೋ ಹೊತ್ತು ನಿಂತಿದ್ದೆ.

ಗಡಿಯಾರದ ಕೆಳಗಿನ ಪಟ್ಟಿಯನ್ನು ಅಂದಿನಿಂದ ಯಾರೂ ತುಳಿಯಲಿಲ್ಲ. ಹಾಗೆಂದು ಯಾರೂ ಗೊತ್ತು ಮಾಡಿದ್ದಲ್ಲ. ಅಂಗಣ ಎಷ್ಟೇ ತುಂಬಿದ್ದರೂ ಮಕ್ಕಳು ಆ ಜಾಗ ಬಳಸಿಕೊಂಡು ಹೋಗುತ್ತಿದ್ದರು.

ಲೋರ್ನಾಳ ತಂಗಿ ನೆಲ್‌ಗೆ ಆಗ ಹನ್ನೆರಡು. ಅಕ್ಕ ಹೋದ ಮೂರನೆಯ ವಾರಕ್ಕೇ ಸ್ಕೇಟು ಕಟ್ಟಿಕೊಂಡು ಬಂದಳು. ಆ ವರ್ಷಗಳಲ್ಲಿ ದೇಶದಲ್ಲೆಲ್ಲ ಹೊಸ ಮಕ್ಕಳನ್ನು ಬೇಗ ಮುಂದೆ ತರಬೇಕು ಎಂಬ ಆತುರ. ಎಲ್ಲ ಕ್ಲಬ್ಬುಗಳಲ್ಲೂ ಕೈ ಸಡಿಲ ಮಾಡಿ ಅಂಕ ಕೊಡುತ್ತಿದ್ದರು ಎಂದು ನನ್ನ ಗುಮಾನಿ. ನೆಲ್‌ಗೆ ಆ ಸಡಿಲ ಕೈಯ ಅಗತ್ಯವೇ ಇರಲಿಲ್ಲ. ಏಳು ಪರೀಕ್ಷೆಗಳನ್ನು ನೀರು ಕುಡಿದಂತೆ ದಾಟಿದಳು. ಎಂಟನೆಯದರಲ್ಲಿ ಮೂರು ಸಲ ಫೇಲಾದಳು. ಮೂರು ಸಲವೂ ಹ್ಯಾಸ್ಕೆಲ್ ಇದ್ದರು. ಅನುಭವಸ್ಥ ತೀರ್ಪುಗಾರರಲ್ಲಿ ಕೆಲವರು ಅದೇ ವಿಮಾನದಲ್ಲಿ ಹೋಗಿಬಿಟ್ಟಿದ್ದರು. ಜೊತೆಗೆ ಬರುತ್ತಿದ್ದ ಹೊಸಬರಿಗೆ ಹ್ಯಾಸ್ಕೆಲ್ ಹೇಳಿದ್ದೇ ವೇದ. ಇವರ ತಲೆ ಅಲ್ಲಾಡಿದರೆ ಅವರ ಪೆನ್ಸಿಲ್ಲೂ ಅಲ್ಲಾಡುತ್ತಿತ್ತು.

ಅರವತ್ತನಾಲ್ಕರ ಕೊನೆಯಲ್ಲಿ, ಮೂರನೆಯ ಸಲ ಫೇಲಾದ ಮಾರನೆಯ ದಿನ ನೆಲ್‌ಳ ತಾಯಿ ವೆರಾ ಪೋಸ್ಟಾಫೀಸಿಗೆ ಬಂದಳು. ಅಂಚೆಚೀಟಿ ಕೇಳುವುದು ಬಿಟ್ಟು ಕಿಟಕಿಗೆ ಮೊಣಕೈ ಊರಿದಳು.

"ಆ ಮುದುಕನಿಗೆ ನಮ್ಮನೆ ಮೇಲೆ ಏನು ದ್ವೇಷ ಕಣೇ ಡಾಟ್? ನಮ್ಮ ಯಜಮಾನ್ರು ಒಂದು ಸಲ ಬೇಲಿ ವಿಷಯಕ್ಕೆ ಜಗಳ ಆಡಿದ್ರು, ಅದನ್ನ ಮಗು ಮೇಲೆ ತೀರಿಸ್ಕೊಳ್ತಿದ್ದಾನಾ?"

ಹಾಗೇನಿರಲಾರದು ಎಂದೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಎಂದಳು. ಒಬ್ಬ ಮಗಳನ್ನು ಕಳಕೊಂಡವಳು ನಾನು, ಇನ್ನೊಬ್ಬಳನ್ನು ಕಳಿಸೋ ಧೈರ್ಯ ನನಗಿದೆ, ತಡೆಯೋಕೆ ಅವನ್ಯಾರು ಎಂದಳು. ನೆಲ್ ಹಟ ಹಿಡಿದಿದ್ದಾಳಂತೆ: ಫೆಬ್ರವರಿಯಲ್ಲಿ ನಾಲ್ಕನೆಯ ಸಲ, ಅದೇ ಕೊನೆ, ಅದೂ ಆಗದಿದ್ದರೆ ಸ್ಕೇಟನ್ನು ಅಟ್ಟಕ್ಕೆ ಹಾಕಿ ಟೈಪಿಂಗ್ ಕಲಿಯಲು ಹೋಗುತ್ತಾಳಂತೆ. ಆ ಮನೆಯಲ್ಲಿ ಇನ್ನು ಉಳಿದಿದ್ದದ್ದು ಆ ಒಂದು ಜೊತೆ ಸ್ಕೇಟಿನ ಸದ್ದು ಮಾತ್ರ.

ಅವಳು ಹೋದ ಮೇಲೆ ನನ್ನ ತಲೆ ಸುಮ್ಮನಿರಲಿಲ್ಲ. ದ್ವೇಷವೇ? ಅಥವಾ ಬೇರೆ ಯಾರದಾದರೂ ಮಗಳಿಗೆ ದಾರಿ ಮಾಡಿಕೊಡುತ್ತಿದ್ದಾರೆಯೇ? ಎರಡು ವಾರ ಅವರ ಅಂಚೆಯ ಮೇಲೆ ಕಣ್ಣಿಟ್ಟೆ. ಒಡೆಯಲಿಲ್ಲ, ಅಷ್ಟು ಕೆಳಗಿಳಿದಿಲ್ಲ. ಬೆಳಕಿಗೆ ಹಿಡಿದು ನೋಡಿದೆ ಅಷ್ಟೇ. ಅಳತೆ ಸರಪಳಿಗಳ ಬೆಲೆಪಟ್ಟಿ, ಬೀಜದ ಕಂಪನಿಯ ಪುಸ್ತಕ, ಮತ್ತೇನೂ ಇಲ್ಲ.

ಡಿಸೆಂಬರಿನಲ್ಲಿ ಒಂದು ದಾರಿ ಸಿಕ್ಕಿತು. ಫೆಬ್ರವರಿಗೆ ಮುಂಚೆ ಒಮ್ಮೆ ಪರೀಕ್ಷೆಯ ಹಾಗೆಯೇ ಬರೆಸಿ ಅಂಕ ಕೊಡಿ ಎಂದು ನೆಲ್ ಕೇಳಿಕೊಂಡಳು. ಹ್ಯಾಸ್ಕೆಲ್ ಬಂದರು, ನೋಡಿದರು, ತಲೆ ಅಲ್ಲಾಡಿಸಿದರು, ಕುಣಿಕೆಗೆ ಕಡಿಮೆ ಅಂಕ ಬರೆದು ಕೈತೊಳೆಯಲು ಹೋದರು. ಭೂತಗನ್ನಡಿಯನ್ನು ಅಂಗಣದ ಸುತ್ತಿನ ಕಟಕಟೆಯ ಮೇಲೆ ಬಿಟ್ಟಿದ್ದರು. ಮಂಜುಗಡ್ಡೆಯ ಮೇಲೆ ನೀರು ಬಿಟ್ಟು ನುಣುಪು ಮಾಡುವವನಿಗೆ ಹತ್ತು ನಿಮಿಷ ತಡೆ ಎಂದೆ. ಆ ಕನ್ನಡಿ ತೆಗೆದುಕೊಂಡು ಹೋಗಿ, ಜೀವಮಾನದಲ್ಲಿ ಮೊದಲ ಸಲ ಪೊರಕೆ ಬದಿಗಿಟ್ಟು ಮಂಡಿಯೂರಿದೆ. ಇಪ್ಪತ್ತು ವರ್ಷ ಗೆರೆ ಗುಡಿಸಿದವಳಿಗೆ ಗೆರೆ ಓದಲು ಯಾರೂ ಕಲಿಸಬೇಕಿಲ್ಲ. ಕೈವಾರದಲ್ಲಿ ಎಳೆದ ಹಾಗಿತ್ತು. ಮೂರು ಸಲ ಹೋದ ಗೆರೆ ಒಂದೇ ಗೆರೆಯಾಗಿತ್ತು. ಎಲ್ಲಿಯೂ ಜೋಡಿಯಿಲ್ಲ.

ಅಂದರೆ ಎಲ್ವಿನ್ ಹ್ಯಾಸ್ಕೆಲ್ ಸುಳ್ಳು ಬರೆಯುತ್ತಿದ್ದರು. ಅನುಮಾನ ನಿಜವಾದಾಗ ಖುಷಿಯಾಗಬೇಕಲ್ಲ. ನನಗೆ ಆಗಲಿಲ್ಲ.

ಅವರು ಮುಂದಿನ ಕೋಣೆಯಲ್ಲಿ ಶಾಖದ ಕೊಳವೆಯ ಪಕ್ಕ ಕೂತು ಬೂಟು ಬಿಚ್ಚುತ್ತಿದ್ದರು. ಕನ್ನಡಿಯನ್ನು ಅವರ ಮಡಿಲಿಗೆ ಹಾಕಿದೆ. ಗೆರೆ ನೋಡಿ ಬಂದೆ ಎಂದೆ.

"ಬೆಳಕು ಸರಿ ಇರ್ಲಿಲ್ಲ," ಅಂದರು.

"ನನಗಿದ್ದ ಬೆಳಕು ನಿಮಗಿರ್ಲಿಲ್ವಾ? ನಿಮ್ಮ ಕನ್ನಡೀಲೇ ನೋಡಿದ್ದು."

ಅವರು ಒಂದು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ವೆರಾಗೆ ಹೇಳುತ್ತೇನೆ ಎಂದು ಹೆದರಿಸಿದೆ. ಆಮೇಲೆ ಬೂಟಿನ ಜೊತೆ ಮಾತಾಡುವ ಹಾಗೆ ಹೇಳಿದರು.

"ಐವತ್ತೊಂಬತ್ತರಲ್ಲಿ ಲೋರ್ನಾ ಕುಣಿಕೇಲಿ ಆರು ಇಂಚು ಜೋಡಿಗೆರೆ ಇತ್ತು. ನೋಡ್ದೆ. ನೋಡಿ ಬರೀಲಿಲ್ಲ. ಮೂರನೇ ಸಲ ಬಂದಿದ್ದ ಮಗು, ತುಟಿ ನೀಲಿ ಆಗಿತ್ತು. ಇದೇನು ಜಮೀನಾ, ಮಧ್ಯಾಹ್ನದೊಳಗೆ ಕರಗಿ ಹೋಗೋ ಗೆರೆ ಅಂದ್ಕೊಂಡೆ. ಅವತ್ತು ಸರಿಯಾಗಿ ಬರೆದಿದ್ರೆ ಅವಳು ಆ ತಂಡಕ್ಕೆ ಹೋಗ್ತಿರ್ಲಿಲ್ಲ, ಡಾಟ್. ವಿಮಾನ ಹತ್ತಿಸಿದ್ದು ನನ್ನ ಪೆನ್ಸಿಲ್ಲು. ಈ ಮಗೂನ ಹತ್ತಿಸಲ್ಲ. ಊರು ಏನು ಬೇಕಾದ್ರೂ ಅನ್ಕೊಳ್ಳಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಗೋಡೆಗೆ ಒರಗಿಸಿದ್ದ ಪೊರಕೆಯ ಕಡೆ ಹೋಯಿತು. ಐದು ವರ್ಷ ಊರಿನವರನ್ನೆಲ್ಲ ಜರಡಿ ಹಿಡಿದ ನಾನು, ಒಬ್ಬಳನ್ನು ಮಾತ್ರ ಹಿಡಿದಿರಲಿಲ್ಲ. ಈಗ ಹೇಳಿದೆ. ಅಂದು ಹ್ಯಾಸ್ಕೆಲ್ ಎದ್ದ ಮೇಲೆ, ಹಲ್ಲಿನ ಡಾಕ್ಟರು ಬಗ್ಗುವ ಮೊದಲು, ನಾನು ಒಂದು ಸಲ ಪೊರಕೆ ಆಡಿಸಿದ್ದೆ. ಪುಡಿ ಆ ಆರು ಇಂಚಿನ ಮೇಲೆ ಕೂತಿತು. ಡಾಕ್ಟರಿಗೆ ಏನೂ ಕಾಣಲಿಲ್ಲ. ಅವಳ ನೀಲಿ ತುಟಿ ನನಗೂ ಕಂಡಿತ್ತು. ಹ್ಯಾಸ್ಕೆಲ್ ನನ್ನನ್ನು ನೋಡಿದರೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಅವರ ಮೇಲೆ ಅಷ್ಟು ವರ್ಷ ಕಣ್ಣಿಟ್ಟಿದ್ದೆ.

ಅವರು ನನ್ನನ್ನೇ ನೋಡಿದರು. "ಡಾಕ್ಟ್ರಿಗೆ ಅದು ಹೇಗೆ ಕಾಣ್ಲಿಲ್ಲ ಅಂತ ನಾನು ಅವರ ಕಣ್ಣನ್ನೇ ಅನುಮಾನಿಸಿದ್ನಲ್ಲ," ಅಂದರು. "ಅವತ್ತಿಂದ ಹಲ್ಲು ಕೀಳಿಸೋಕೂ ಪಕ್ಕದ ಊರಿಗೆ ಹೋಗ್ತಿದ್ದೀನಿ."

ಇಬ್ಬರಿಗೂ ನಗು ಬಂತು, ನಗಲಾಗಲಿಲ್ಲ.

"ಗಡಿಕಲ್ಲು ಒಂದು ಸಲ ಆಚೆ ಇಟ್ವಿ ಅಂತ ಈಗ ಈಚೆ ಇಡ್ತಿದ್ದೀರಿ," ಎಂದೆ. "ಸರ್ವೇಯರ್ ಮಾಡೋ ಕೆಲಸವಾ ಇದು? ಗೆರೆ ಎಲ್ಲಿದೆಯೋ ಅಲ್ಲಿದೆ ಅಂತ ಬರೀರಿ."

ಅವರು ಎರಡನೆಯ ಬೂಟು ಬಿಚ್ಚಿ, ಶೂ ಹಾಕಿಕೊಂಡು ಹೊರಟುಹೋದರು. ಆ ಎರಡು ತಿಂಗಳು ನಾನು ಅವರನ್ನು ನಂಬಲಿಲ್ಲ.

ಅರವತ್ತೈದರ ಫೆಬ್ರವರಿ ಹದಿಮೂರು, ಶನಿವಾರ. ನೆಲ್ ಅಂಗಣಕ್ಕೆ ಇಳಿದು ನೇರ ಗಡಿಯಾರದ ಕೆಳಗೆ ಹೋಗಿ ನಿಂತಳು. ಇಲ್ಲಿ ಬರೆಯುತ್ತೇನೆ ಎಂದಳು. ಕಟಕಟೆಯ ಆಚೆ ವೆರಾ ಎರಡೂ ಕೈಯಲ್ಲಿ ಕೈಚೀಲ ಹಿಚುಕಿಕೊಂಡು ನಿಂತಿದ್ದಳು. ನಾಲ್ಕು ವರ್ಷ ಯಾರೂ ತುಳಿಯದ ಜಾಗದ ಮೇಲೆ ನೆಲ್ ಒಂದಾದ ಮೇಲೆ ಒಂದು ಆಕಾರ ಬರೆದಳು. ನಾನು ಹಿಂದೆ ಹಿಂದೆ ಗುಡಿಸಿದೆ. ಎಲ್ಲ ಚೆನ್ನಾಗಿತ್ತು. ಹ್ಯಾಸ್ಕೆಲ್‌ರ ಪೆನ್ಸಿಲ್ ಏನು ಬರೆಯುತ್ತಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಕೊನೆಯದು ಅದೇ ಕುಣಿಕೆ. ತಿರುವಿನಲ್ಲಿ ಅವಳ ಭುಜ ಒಂದಿಷ್ಟು ಅಳುಕಿತು.

ಮೊದಲ ತೀರ್ಪುಗಾರರು ಬಗ್ಗಿ ನೋಡಿ ಎದ್ದರು. ಹ್ಯಾಸ್ಕೆಲ್ ಪತ್ರಿಕೆ ಹಾಸಿ ಮಂಡಿಯೂರಿದರು. ನಾನು ಹಿಂದೆ ನಿಂತಿದ್ದೆ, ನಿಂತಲ್ಲಿಂದಲೇ ಕಂಡಿತು. ಈ ಸಲ ನಿಜವಾಗಿಯೂ ಜೋಡಿಗೆರೆ. ಅವರು ಜೇಬಿನಿಂದ ಮಡಚುವ ಅಳತೆಕೋಲು ತೆಗೆದು ಪಕ್ಕದಲ್ಲಿಟ್ಟರು. ಆರು ಇಂಚು. ನನ್ನ ಮುಷ್ಟಿ ಪೊರಕೆಯ ಹಿಡಿಯನ್ನು ಬಿಗಿಯಿತು.

"ಪೊರಕೆ ದೂರ ಇರ್ಲಿ, ಡಾಟ್," ಅಂದರು, ತಿರುಗದೆಯೇ.

ಆಮೇಲೆ ಯಾರೂ ಯಾವತ್ತೂ ಮಾಡದ ಕೆಲಸ ಮಾಡಿದರು. ಪರೀಕ್ಷೆಗೆ ಕೂತ ಹುಡುಗಿಯನ್ನು ಕೈಬೀಸಿ ಕರೆದರು. ನೆಲ್ ಬಂದು ಎದುರಿಗೆ ಮಂಡಿಯೂರಿದಳು. ಇದೇನು ಅಂತ ನೀನೇ ಹೇಳು ಎಂದು ಕನ್ನಡಿ ಕೊಟ್ಟರು.

ಅವಳು ಕನ್ನಡಿ ತೆಗೆದುಕೊಳ್ಳಲಿಲ್ಲ. "ಜೋಡಿಗೆರೆ," ಎಂದಳು. "ಅಕ್ಕಂದೂ ಇಲ್ಲೇ ಬಿದ್ದಿತ್ತು."

ಅದನ್ನು ಯಾರು ಹೇಳಿದರು ಎಂದು ಹ್ಯಾಸ್ಕೆಲ್ ಕೇಳಿದರು.

"ಅವಳೇ. ಹ್ಯಾಸ್ಕೆಲ್ ನೋಡಿದ್ರು, ಡಾಟ್ ಗುಡಿಸಿದ್ರು, ಅಯ್ಯೋ ಪಾಪ ಅಂತ ಪಾಸು ಮಾಡಿದ್ರು ಅಂತ ಮನೆಗೆ ಬಂದು ಅತ್ಲು. ಆಮೇಲೆ ಒಂದು ವರ್ಷ ದಿನಾ ಬೆಳಗ್ಗೆ ಇದೊಂದೇ ಕುಣಿಕೆ ಬರೆದ್ಲು. ರಾಷ್ಟ್ರೀಯ ಸ್ಪರ್ಧೇಲಿ ಈ ಕುಣಿಕೆಗೆ ಎಲ್ಲರಿಗಿಂತ ಹೆಚ್ಚು ಬಂದಿದ್ದು ಅವಳಿಗೇ. ನೀವು ಅಂಕಪಟ್ಟಿ ನೋಡ್ಲಿಲ್ವಾ?"

ಅವರು ನೋಡಿರಲಿಲ್ಲ. ಆ ಫೆಬ್ರವರಿಯ ಮೇಲೆ ಆ ಜನವರಿಯ ಯಾವ ಕಾಗದವನ್ನೂ ಮುಟ್ಟಿರಲಿಲ್ಲ. ನಾನೂ ಮುಟ್ಟಿರಲಿಲ್ಲ.

"ನನ್ನ ಗೆರೆ ನೋಡೋವಾಗೆಲ್ಲ ನೀವು ಈ ಖಾಲಿ ಜಾಗಾನೇ ನೋಡ್ತಿದ್ರಿ," ಎಂದಳು ನೆಲ್. "ಯಾಕೆ ಅಂತ ನಂಗೆ ಗೊತ್ತಾಗಿತ್ತು. ಅವಳನ್ನ ನೀವು ಹತ್ತಿಸ್ಲಿಲ್ಲ, ಮಿಸ್ಟರ್ ಹ್ಯಾಸ್ಕೆಲ್. ಅವಳೇ ಹತ್ತಿದ್ಲು."

ಕಟಕಟೆಯ ಆಚೆಯಿದ್ದ ವೆರಾಗೆ ಏನೂ ಕೇಳಿಸಿರಲಿಕ್ಕಿಲ್ಲ. ಮುದುಕನೂ ಹುಡುಗಿಯೂ ಎದುರುಬದುರು ಮಂಡಿಯೂರಿದ್ದು, ನಾನು ಪೊರಕೆ ಹಿಡಿದು ಮೂಗು ಒರೆಸಿಕೊಂಡದ್ದು ಕಂಡಿರಬೇಕು. ಹ್ಯಾಸ್ಕೆಲ್ ಎದ್ದು, ಕೋಟಿನ ತೋಳಿನಿಂದ ಕನ್ನಡಿ ಒರೆಸಿ, ಬರೆದರು. ಮೂರನೆಯವರೂ ನೋಡಿದರು. ಆಮೇಲೆ ಹ್ಯಾಸ್ಕೆಲ್ ಗುಡಿಸು ಎಂದು ನನಗೆ ಸನ್ನೆ ಮಾಡಿದರು.

ಅಂಕ ಕೂಡಿಸಿದೆ. ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆಯಿಲ್ಲದೆ ಮೂರು ಸಲ ಕೂಡಿಸಿದೆ. ಜೋಡಿಗೆರೆಗೆ ಎಷ್ಟು ಕಳೆಯಬೇಕೋ ಅಷ್ಟನ್ನೂ ಕಳೆದಿದ್ದರು. ಉಳಿದವಕ್ಕೆ ಎಷ್ಟು ಸಲ್ಲಬೇಕೋ ಅಷ್ಟನ್ನೂ ಕೊಟ್ಟಿದ್ದರು. ಬೇಕಾದ ಅಂಕಕ್ಕಿಂತ ಬರೀ ಎರಡು ದಶಾಂಶ ಹೆಚ್ಚಿಗೆ ಬಂದು ನೆಲ್ ಕೆಂಡ್ರಿಕ್ ತೇರ್ಗಡೆಯಾಗಿದ್ದಳು. ಸೋಮವಾರ ಹದಿನೈದನೆಯ ತಾರೀಕು, ಲೋರ್ನಾ ಹೋದ ದಿನ, ಗಡಿಯಾರದ ಕೆಳಗಿನ ಪಟ್ಟಿಯಲ್ಲಿ ಬೆಳಗ್ಗೆ ಆರಕ್ಕೆ ನೆಲ್ ಬರೆಯುತ್ತಿದ್ದಳು.

ಮರುವರ್ಷ ಜನವರಿಯಲ್ಲಿ ತಾಯಿ ಮಗಳು ರಾಷ್ಟ್ರೀಯ ಸ್ಪರ್ಧೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟರು, ವಿಮಾನದಲ್ಲಿ. ಹೊರಡುವ ಮುಂಚೆ ವೆರಾ ಕ್ಲಬ್ಬಿಗೆ ಬಂದು, ಹ್ಯಾಸ್ಕೆಲ್‌ರ ಮುಖ ನೋಡದೆ, ಇಳಿದ ತಕ್ಷಣ ಇಲ್ಲಿಗೆ ಫೋನ್ ಮಾಡಿ ಎರಡು ಸಲ ರಿಂಗ್ ಮಾಡಿಸ್ತೀವಿ, ಎತ್ತಬೇಡಿ, ಎರಡಕ್ಕೇ ನಿಂತರೆ ನಾವು ಸುಖವಾಗಿ ಇಳಿದೆವು ಅಂತ, ಫೋನಿನ ಹತ್ತಿರ ಯಾರಾದ್ರೂ ಇರ್ತೀರಲ್ಲ ಎಂದಳು. ದೂರದ ಕರೆಯ ದುಡ್ಡು ಉಳಿಸಲು ನಮ್ಮೂರಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದದ್ದು.

ಹ್ಯಾಸ್ಕೆಲ್ ಬೆಳಗ್ಗೆಯೇ ಬಂದು ಫೋನಿನ ಪಕ್ಕದ ಕುರ್ಚಿಯಲ್ಲಿ ಟೋಪಿ ಕೂಡ ತೆಗೆಯದೆ ಕೂತರು. ತಂದಿದ್ದ ಬ್ರೆಡ್ಡು ಪೊಟ್ಟಣದಲ್ಲೇ ಒಣಗಿತು. ಮಧ್ಯಾಹ್ನ ಎರಡೂಕಾಲಿಗೆ ಫೋನ್ ಹೊಡೆಯಿತು. ಒಂದು. ಎರಡು. ಇಬ್ಬರೂ ಮೂರನೆಯದಕ್ಕೆ ಕಿವಿಗೊಟ್ಟು ಕಾದೆವು. ಬರಲಿಲ್ಲ.

ನನ್ನ ಬುದ್ಧಿ ಎಲ್ಲಿ ಹೋಗುತ್ತದೆ. ಬೇರೆ ಯಾರಾದರೂ ತಪ್ಪಿ ಮಾಡಿದ್ದರೆ, ಒಮ್ಮೆ ವಿಮಾನ ನಿಲ್ದಾಣಕ್ಕೆ ಕೇಳಿಬಿಡೋಣ ಎಂದು ಫೋನಿಗೆ ಕೈ ಹಾಕಿದೆ.

"ಬೇಡ," ಎಂದರು. "ಎರಡೇ ಹೊಡೀತು. ಸಾಕು."

ಕುರ್ಚಿಯಿಂದ ಎದ್ದವರು ಹಾಗೇ ಕೆಳಗೆ ಜಾರಿ ಮಂಡಿಯೂರಿದರು. ಮಂಡಿಯ ಕೆಳಗೆ ಪತ್ರಿಕೆ ಇರಲಿಲ್ಲ, ಮುಂದೆ ಗೆರೆಯೂ ಇರಲಿಲ್ಲ. ತಲೆ ತಗ್ಗಿಸಿ ಬಹಳ ಹೊತ್ತು ಹಾಗೇ ಇದ್ದರು. ಏನಾಯಿತು ಎಂದು ಕೇಳಿದೆ.

"ಟೋಪಿ ಬಿತ್ತು," ಅಂದರು.

ಟೋಪಿ ಅವರ ತಲೆಯ ಮೇಲೇ ಇತ್ತು. ನೋಡಿದೆ, ನೋಡಿ ಹೇಳಲಿಲ್ಲ.